ಹೆಸರಿನಲ್ಲಿ ಲೋಪವಿಲ್ಲ

ಪ್ರಶ್ನೆ: ನನಗೆ 27 ವರ್ಷ. ಹುಟ್ಟಿದ್ದು ಕೊಡಗಿನಲ್ಲಿ, ಈಗ ಮೈಸೂರಿನಲ್ಲಿ ಬ್ಯಾಂಕ್ ಉದ್ಯೋಗಿ. ನನ್ನ ಹೆಸರು ಲೋಪಾಮುದ್ರಾ. ತುಲಾ ಸಂಕ್ರಮಣದ ದಿನ ಹುಟ್ಟಿದ ಮೊಮ್ಮಗಳಿಗೆ ಅಜ್ಜ ತಾವೇ ಆರಿಸಿ ಇಟ್ಟ ಹೆಸರು. ಆದರೆ ಈ ಹೆಸರಿನಿಂದ ನಾನು ಪಟ್ಟ ಪಾಡು ಕಡಿಮೆಯದಲ್ಲ. ಹಾಜರಿ ಕರೆಯುವಾಗ ಹೊಸ ಟೀಚರುಗಳು ನನ್ನ ಹೆಸರಿನ ಹತ್ತಿರ ಬಂದು ತಡವರಿಸುತ್ತಿದ್ದರು. ಲೋಪಸಂಧಿ ಪಾಠ ಮಾಡಿದ ದಿನ ಇಡೀ ತರಗತಿ ನನ್ನ ಕಡೆ ತಿರುಗಿ ನಕ್ಕಿತ್ತು. 'ಕಾವ್ಯಾ ಅಂತಲೋ ದಿವ್ಯಾ ಅಂತಲೋ ಇಡಬಾರದಿತ್ತಾ' ಎಂದು ಅಮ್ಮನ ಹತ್ತಿರ ಅತ್ತದ್ದೂ ಇದೆ.

ಬರುವ ವೈಶಾಖದಲ್ಲಿ ನನ್ನ ಮದುವೆ. ಹುಡುಗ ಧಾರವಾಡದವರು, ಒಳ್ಳೆಯವರು. ಅವರ ಮನೆತನದಲ್ಲಿ ಸೊಸೆಗೆ ಹೊಸ ಹೆಸರಿಡುವ ಪದ್ಧತಿಯಿದೆ. ತಟ್ಟೆಯಲ್ಲಿ ಅಕ್ಕಿ ಹರಡಿ ಗಂಡ ಉಂಗುರದಿಂದ ಆ ಹೆಸರನ್ನು ಬರೆಯುತ್ತಾನೆ. ನಿಶ್ಚಿತಾರ್ಥದ ದಿನವೇ ಅತ್ತೆಯಾಗುವವರು ಎಲ್ಲರ ಮುಂದೆ, 'ಲೋಪ ಅಂದ್ರ ಕೊರತೆ ಅಲ್ಲೇನವಾ? ಮನಿ ತುಂಬಿಸ್ಕೊಳ್ಳೋ ಸೊಸಿ ಹೆಸರಿನ್ಯಾಗ ಕೊರತಿ ಯಾಕ ಬೇಕು? ವೈಷ್ಣವಿ ಅಂತ ಇಡೋಣು' ಅಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ನಿಜವಾದ ಹೆದರಿಕೆಯಿತ್ತು. ಅವರಿಗೂ ಮದುವೆಯಲ್ಲಿ ಹೆಸರು ಬದಲಾಯಿಸಿದ್ದರಂತೆ. ಹುಡುಗನನ್ನು ಕೇಳಿದರೆ, 'ಅಮ್ಮನ ಸಮಾಧಾನಕ್ಕೆ ಒಂದು ಶಾಸ್ತ್ರ, ಒಪ್ಕೋ' ಎನ್ನುತ್ತಾರೆ.

ನನಗೇ ಅರ್ಥವಾಗದ ವಿಷಯ ಇದು: ಚಿಕ್ಕವಳಿದ್ದಾಗ ಯಾವ ಹೆಸರು ಬೇಡವೆಂದು ಅತ್ತಿದ್ದೆನೋ ಅದನ್ನೇ ಈಗ ಬಿಡಲು ಮನಸ್ಸಿಲ್ಲ. ಇದು ಹಟವೇ? ನನ್ನ ಹೆಸರಿನ ನಿಜವಾದ ಅರ್ಥವೇನು? ಅದರಲ್ಲಿ ದೋಷವಿದೆಯೇ? ಮತ್ಯಾರಿಗೂ ಈ ಹೆಸರು ಯಾಕಿಲ್ಲ? ನಾನು ಒಪ್ಪಿಕೊಳ್ಳಬೇಕೇ?

ಉತ್ತರ: ಪ್ರಿಯ ಲೋಪಾಮುದ್ರಾ,

ಪತ್ರ ಬರೆದವರ ಹೆಸರನ್ನು ಈ ಅಂಕಣದಲ್ಲಿ ಅಚ್ಚು ಮಾಡುವ ರೂಢಿಯಿಲ್ಲ. ನಿಮ್ಮ ಪ್ರಶ್ನೆಯೇ ಹೆಸರಿನದಾದ್ದರಿಂದ ಅದನ್ನು ಉಳಿಸಿಕೊಂಡು ಬೇರೆ ಗುರುತುಗಳನ್ನು ತೆಗೆದಿದ್ದೇನೆ.

ಮೊದಲು ಭಯದ ಮಾತನ್ನು ಮುಗಿಸೋಣ. ನಿಮ್ಮ ಹೆಸರಿನಲ್ಲಿ ದೋಷವಿಲ್ಲ, ಅದು ಅಶುಭವೂ ಅಲ್ಲ. ವೇದದಲ್ಲಿ, ರಾಮಾಯಣ ಮಹಾಭಾರತಗಳಲ್ಲಿ, ದೇವಿಯ ಸ್ತೋತ್ರದಲ್ಲಿ ಗೌರವದಿಂದ ಬರುವ ಹೆಸರು ಅದು. ಇಷ್ಟು ಹೇಳಿ ಮುಗಿಸಿದರೆ ನಿಮ್ಮ ಅತ್ತೆಯ ಹೆದರಿಕೆ ಹೋಗುವುದಿಲ್ಲ, ನಿಮ್ಮ ಗೊಂದಲವೂ ಹೋಗುವುದಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಸಂಸ್ಕೃತದ 'ಲುಪ್' ಧಾತುವಿಗೆ ಮುರಿ, ಕಸಿದುಕೊ, ಇಲ್ಲವಾಗಿಸು ಎಂಬ ಅರ್ಥಗಳಿವೆ. ಲೋಪ ಬಂದದ್ದು ಅದರಿಂದ. ಮುದ್ರೆ ಎಂದರೆ ಗುರುತು, ಛಾಪು. ಇವೆರಡನ್ನೂ ಸೇರಿಸಿ ಅರ್ಥ ಹೇಳುವಾಗ ಹಿರಿಯರು ಒಂದು ಕಥೆಯನ್ನು ಆಧಾರವಾಗಿ ಕೊಡುತ್ತಾರೆ. ಅಗಸ್ತ್ಯ ಮುನಿ ತನಗೆ ತಕ್ಕ ಹೆಂಡತಿ ಎಲ್ಲೂ ಕಾಣದೆ, ಒಂದೊಂದು ಜೀವಿಯಿಂದ ಅದರ ಅತ್ಯುತ್ತಮ ಅಂಗವನ್ನು ತೆಗೆದುಕೊಂಡು ಒಬ್ಬ ಹೆಣ್ಣನ್ನು ರೂಪಿಸಿದನೆಂದು ಮಹಾಭಾರತ ಹೇಳುತ್ತದೆ. ಜಿಂಕೆಯ ಕಣ್ಣು, ಹಂಸದ ನಡೆ ಎಂದೆಲ್ಲ ಬಿಡಿಸಿ ಹೇಳಿದವರು ಆಮೇಲಿನ ಕಥೆಗಾರರು. ಇವಳು ಬಂದ ಮೇಲೆ ಜಿಂಕೆಗೆ ತನ್ನ ಕಣ್ಣೆಂಬ ಹೆಮ್ಮೆಯ ಗುರುತು ಉಳಿಯಲಿಲ್ಲ, ಹಂಸಕ್ಕೆ ನಡೆಯ ಹೆಮ್ಮೆ ಉಳಿಯಲಿಲ್ಲ. ಹೀಗೆ ಉಳಿದವರ ಮುದ್ರೆಗಳು ಯಾರ ಮುಂದೆ ಲೋಪವಾದವೋ ಅವಳು ಲೋಪಾಮುದ್ರೆ. ಕೊರತೆ ಬಂದದ್ದು ಲೋಕದ ಚೆಲುವಿಗೆ, ಅವಳಿಗಲ್ಲ.

ಆದರೂ ನಿಮ್ಮ ಅತ್ತೆಯಾಗುವವರ ಕಿವಿಯನ್ನು ನಾನು ತಪ್ಪೆನ್ನಲಾರೆ. ಕನ್ನಡದಲ್ಲಿ 'ಲೋಪ' ಎಂಬ ಪದ ನಮಗೆ ಎದುರಾಗುವುದೇ ಮೂರು ನಾಲ್ಕು ಕಡೆ: ಲೋಪದೋಷ, ಕರ್ತವ್ಯಲೋಪ, ಮಂತ್ರಲೋಪ, ವ್ಯಾಕರಣದ ಲೋಪಸಂಧಿ. 'ಊರು' ಮತ್ತು 'ಅಲ್ಲಿ' ಸೇರಿ 'ಊರಲ್ಲಿ' ಆದಾಗ ನಡುವಿನ ಉಕಾರ ಬಿಟ್ಟುಹೋಯಿತೆಂದು ನಾವೆಲ್ಲ ಬಾಯಿಪಾಠ ಮಾಡಿದವರೇ. ಪೂಜೆ ಮುಗಿದ ಮೇಲೆ ಮಂತ್ರಲೋಪ ಕ್ರಿಯಾಲೋಪಗಳಿಗೆ ಕ್ಷಮೆ ಕೇಳುವ ಮನೆಯಲ್ಲಿ ಬೆಳೆದ ಹಿರಿಯ ಹೆಂಗಸಿಗೆ, ಸೊಸೆಯ ಹೆಸರು ಅದೇ ಪದದಿಂದ ಶುರುವಾದಾಗ ಎದೆ ಝಲ್ಲೆನ್ನುವುದು ಸಹಜ. ಹೆಣ್ಣುಮಕ್ಕಳ ಹೆಸರು ಉಚ್ಚಾರಕ್ಕೆ ಸುಲಭವಾಗಿರಬೇಕು, ಅರ್ಥ ಸ್ಪಷ್ಟವಿರಬೇಕು, ಮಂಗಳಕರವಾಗಿರಬೇಕು, ದೀರ್ಘಸ್ವರದಲ್ಲಿ ಮುಗಿಯಬೇಕು ಎಂದು ಮನುಸ್ಮೃತಿಯ ಎರಡನೆಯ ಅಧ್ಯಾಯವೂ ಹೇಳುತ್ತದೆ. ಇದನ್ನು ಓದದವರ ಮನೆಗಳಲ್ಲೂ ಈ ಎಣಿಕೆ ಇಳಿದುಬಂದಿದೆ. ನಿಮ್ಮ ಹೆಸರು ದೀರ್ಘದಲ್ಲೇ ಮುಗಿಯುತ್ತದೆ. ಅರ್ಥ ಥಟ್ಟನೆ ಹೊಳೆಯುವುದಿಲ್ಲ ಎಂಬ ಆಕ್ಷೇಪ ಮಾತ್ರ ಸರಿ, ಅದನ್ನು ಒಪ್ಪಿಕೊಂಡೇ ಮಾತು ಶುರುಮಾಡಿ.

ಆದರೆ ಬಿಡಿಸಿ ನೋಡಿದರೆ ನಮಗೆ ಒಗ್ಗಿಹೋದ ಎಷ್ಟು ಹೆಸರುಗಳು ಈ ಪರೀಕ್ಷೆಯಲ್ಲಿ ನಿಲ್ಲುತ್ತವೆ? ಅಪರ್ಣಾ ಎಂದರೆ ಎಲೆಯಿಲ್ಲದವಳು. ತಪಸ್ಸಿನಲ್ಲಿ ಎಲೆ ತಿನ್ನುವುದನ್ನೂ ಬಿಟ್ಟ ಪಾರ್ವತಿಯ ಕಥೆ ಗೊತ್ತಿಲ್ಲದಿದ್ದರೆ ಅದು ಬೋಳು ಮರದ ಹೆಸರು. ಪ್ರಮೀಳಾ ಎಂದರೆ ಮಂಪರು, ಜೋಂಪು. ಹಾಗೆಂದು ಯಾವ ಅತ್ತೆಯೂ ಪ್ರಮೀಳೆಯೆಂಬ ಸೊಸೆ ಮನೆಗೆ ಬಂದರೆ ಎಲ್ಲರೂ ತೂಕಡಿಸಿಯಾರೆಂದು ಹೆದರಿಲ್ಲ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಮಗುವನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪವ್ವ, ತಿಪ್ಪಣ್ಣ ಎಂದು ಕರೆದರು. ಆ ಹೆಸರಿನಲ್ಲಿರುವುದು ಕಸವಲ್ಲ, ಈ ಮಗುವಾದರೂ ಉಳಿಯಲಿ ಎಂಬ ತಾಯಿಯ ಮೊರೆ. ಹೆಸರಿನ ಅರ್ಥ ಅದನ್ನು ಹೊತ್ತವರ ಕಥೆಯಲ್ಲಿರುತ್ತದೆ. ನಿಮ್ಮ ಹೆಸರಿಗೆ ಸಿಕ್ಕಿರುವ ಕಥೆಯಂತೂ ತುಂಬ ದೊಡ್ಡದು.

ಋಗ್ವೇದದ ಮೊದಲ ಮಂಡಲದ 179ನೆಯ ಸೂಕ್ತ ಚಿಕ್ಕದು, ಆರೇ ಮಂತ್ರಗಳದ್ದು. ಅದರ ಮೊದಲೆರಡು ಮಂತ್ರಗಳನ್ನು ಸಂಪ್ರದಾಯ ಲೋಪಾಮುದ್ರೆಯವೆಂದು ಹೇಳುತ್ತದೆ. ಘೋಷಾ, ಅಪಾಲಾ, ವಿಶ್ವವಾರಾ ಮೊದಲಾದ ಮಂತ್ರದ್ರಷ್ಟಾರ ಹೆಂಗಸರ ಸಾಲಿನಲ್ಲಿ ಅವಳನ್ನು ಎಣಿಸುವುದು ಇದರಿಂದಲೇ. ವರ್ಷಗಟ್ಟಲೆ ತಪಸ್ಸಿನ ದುಡಿಮೆಯಲ್ಲಿ ದಣಿದಿದ್ದೇನೆ, ಮುಪ್ಪು ದೇಹದ ಚೆಲುವನ್ನು ಕರಗಿಸುತ್ತಿದೆ, ಇನ್ನಾದರೂ ನಾವು ಗಂಡಹೆಂಡಿರಾಗಿ ಬಾಳೋಣ ಎಂಬುದು ಆ ಮಂತ್ರಗಳ ಸಾರ. ಅಷ್ಟು ಹಳೆಯ ಕಾಲದಲ್ಲಿ ಒಬ್ಬ ಹೆಂಡತಿ ತನಗೇನು ಬೇಕೆಂದು ಗಂಡನ ಮುಖ ನೋಡಿ ಹೇಳಿದ್ದಾಳೆ. ಆ ಮಾತನ್ನು ಯಾರೂ ಅಳಿಸಲಿಲ್ಲ, ಮಂತ್ರವೆಂದು ಕಾಪಾಡಿಕೊಂಡು ಬಂದರು. ನನ್ನನ್ನು ಅತ್ಯಂತ ಕಲಕುವ ಸಂಗತಿ ಇದು.

ಮಹಾಭಾರತದ ವನಪರ್ವ ಇದನ್ನೇ ಇನ್ನೂ ಹರಡಿ ಹೇಳುತ್ತದೆ. ಅಗಸ್ತ್ಯನ ಪಿತೃಗಳು ಹಳ್ಳವೊಂದರಲ್ಲಿ ತಲೆಕೆಳಗಾಗಿ ನೇತಾಡುತ್ತ, ವಂಶ ಬೆಳೆಯದಿದ್ದರೆ ತಮಗೆ ಗತಿಯಿಲ್ಲ ಎನ್ನುತ್ತಾರೆ. ಮಗುವಿಗಾಗಿ ತಪಸ್ಸು ಮಾಡುತ್ತಿದ್ದ ವಿದರ್ಭದ ರಾಜನಿಗೆ ಅಗಸ್ತ್ಯ ತಾನು ರೂಪಿಸಿದ ಮಗುವನ್ನು ಕೊಡುತ್ತಾನೆ. ಹುಡುಗಿ ಅರಮನೆಯಲ್ಲಿ ಬೆಳೆಯುತ್ತಾಳೆ. ವಯಸ್ಸಿಗೆ ಬಂದಾಗ ಮುನಿ ಬಂದು ಕನ್ಯೆಯನ್ನು ಕೇಳುತ್ತಾನೆ. ರಾಜನಿಗೆ ಕೊಡಲು ಮನಸ್ಸಿಲ್ಲ, ಶಾಪದ ಭಯದಿಂದ ಇಲ್ಲವೆನ್ನಲೂ ಆಗದು. ಆಗ ಬಾಯಿ ಬಿಡುವವಳು ಮಗಳೇ. ನನಗಾಗಿ ದುಃಖಿಸಬೇಡಿ, ನನ್ನನ್ನು ಅವನಿಗೆ ಕೊಡಿ ಎನ್ನುತ್ತಾಳೆ. ಮದುವೆಯಾದ ಮೇಲೆ ಅಗಸ್ತ್ಯ ರೇಷ್ಮೆಯನ್ನೂ ಒಡವೆಗಳನ್ನೂ ತೆಗೆದಿಡಲು ಹೇಳುತ್ತಾನೆ. ಅವಳು ತೆಗೆದಿಟ್ಟು ನಾರುಬಟ್ಟೆ ಉಡುತ್ತಾಳೆ. ಇಬ್ಬರೂ ಗಂಗಾದ್ವಾರದಲ್ಲಿ ಕಠಿಣ ತಪಸ್ಸಿಗೆ ನಿಲ್ಲುತ್ತಾರೆ.

ಇಲ್ಲಿಗೆ ಕಥೆ ನಿಂತಿದ್ದರೆ ಅದು ಹೊಂದಿಕೊಂಡು ಹೋದ ಇನ್ನೊಬ್ಬ ಹೆಣ್ಣಿನ ಕಥೆಯಾಗುತ್ತಿತ್ತು. ನಿಲ್ಲಲಿಲ್ಲ. ಬಹಳ ಕಾಲದ ಮೇಲೆ ಅಗಸ್ತ್ಯ ಸಂತಾನಕ್ಕಾಗಿ ಅವಳನ್ನು ಕರೆದಾಗ ಅವಳು ಕೈಮುಗಿದು, ನಾಚುತ್ತಲೇ, ತನ್ನ ಮಾತನ್ನು ಮುಂದಿಡುತ್ತಾಳೆ. ತಂದೆಯ ಮನೆಯಲ್ಲಿದ್ದಂಥ ಹಾಸಿಗೆ ಬೇಕು, ಒಡವೆ ಬೇಕು, ಈ ತಪಸ್ಸಿನ ಬಟ್ಟೆಯಲ್ಲಿ ಬರಲಾರೆ. ಅವನು, ಅಷ್ಟು ಹಣ ನನ್ನಲ್ಲಿಲ್ಲ ಎನ್ನುತ್ತಾನೆ. ತಪಸ್ಸಿನ ಬಲದಿಂದ ನೀನು ಕ್ಷಣದಲ್ಲಿ ತರಬಲ್ಲೆ ಎಂದು ಅವಳು. ಹಾಗೆ ಮಾಡಿದರೆ ತಪಸ್ಸು ಕರಗುತ್ತದೆ ಎಂದು ಅವನು. ಸರಿ, ನಿನ್ನ ಧರ್ಮಕ್ಕೆ ಕುಂದು ಬರುವುದು ನನಗೂ ಬೇಡ, ಆದರೆ ನನ್ನ ಮಾತೂ ಇದೇ ಎಂದು ಅವಳು ನಿಲ್ಲುತ್ತಾಳೆ. ಅಗಸ್ತ್ಯ ಸಿಟ್ಟಾಗುವುದಿಲ್ಲ, ಶಪಿಸುವುದಿಲ್ಲ. ಹಣ ತರಲು ಹೊರಡುತ್ತಾನೆ. ಮೂವರು ರಾಜರಲ್ಲಿಗೆ ಹೋಗುತ್ತಾನೆ. ಮೂವರಲ್ಲೂ ಆದಾಯ ವೆಚ್ಚ ಸಮಸಮವಾಗಿರುವುದನ್ನು ಕಂಡು, ತೆಗೆದುಕೊಂಡರೆ ಪ್ರಜೆಗಳಿಗೆ ನೋವಾದೀತೆಂದು ಬರಿಗೈಯಲ್ಲಿ ಮುಂದೆ ನಡೆಯುತ್ತಾನೆ. ಕೊನೆಗೆ ಹೋಗುವುದು ಇಲ್ವಲನೆಂಬ ಸಿರಿವಂತ ಅಸುರನ ಬಳಿಗೆ.

ಮುಂದಿನದು ಕನ್ನಡದ ಪ್ರತಿ ಮನೆಗೂ ಗೊತ್ತು. ಇಲ್ವಲನ ತಮ್ಮ ವಾತಾಪಿ, ಟಗರಾಗಿ ಅಡುಗೆಯಾಗಿ ಅತಿಥಿಗಳ ಹೊಟ್ಟೆ ಸೀಳಿ ಹೊರಬರುತ್ತಿದ್ದವನು, ಅಗಸ್ತ್ಯನ ಹೊಟ್ಟೆಯಲ್ಲಿ ಅರಗಿಹೋದ. ಮಗುವಿಗೆ ಉಣ್ಣಿಸಿ ಹೊಟ್ಟೆ ಸವರುತ್ತ ಅಜ್ಜಿಯಂದಿರು ಇವತ್ತಿಗೂ ವಾತಾಪಿಯನ್ನು ನೆನೆಯುತ್ತಾರೆ. ಆ ಹೆಸರನ್ನು ಹೊತ್ತ ಊರು ಬಾದಾಮಿ, ಚಾಲುಕ್ಯರ ರಾಜಧಾನಿ. ಅಲ್ಲಿನ ಗುಹೆಗಳ ಬುಡದಲ್ಲಿ, ಭೂತನಾಥ ಗುಡಿಯ ಮುಂದೆ ಹರಡಿರುವ ಕೆರೆ ಅಗಸ್ತ್ಯತೀರ್ಥ. ನಿಮ್ಮ ಅತ್ತೆಮನೆಯ ಸೀಮೆಯದೇ ಊರು ಅದು. ಅಗಸ್ತ್ಯ ವಾತಾಪಿಯ ಮನೆಗೆ ಹೋದದ್ದೇಕೆ ಎಂದು ಮಾತ್ರ ನಾವು ಮಕ್ಕಳಿಗೆ ಹೇಳುವುದಿಲ್ಲ. ಲೋಪಾಮುದ್ರೆ ಕೇಳಿದ್ದಳು, ಅದಕ್ಕೆ ಹೋದ.

ಮುನಿ ಹಣದೊಂದಿಗೆ ಮರಳಿ ಬಂದು ಸಾವಿರ ಮಕ್ಕಳು ಬೇಕೋ, ಸಾವಿರಕ್ಕೆ ಸಮನಾದ ಒಬ್ಬ ಸಾಕೋ ಎಂದು ಕೇಳಿದಾಗ ಅವಳು ಒಬ್ಬನನ್ನು ಆರಿಸಿಕೊಂಡಳು. ಆರಿಸುವ ಅಧಿಕಾರ ಅವಳದಾಗಿತ್ತು ಎಂಬುದನ್ನು ಗಮನಿಸಿ.

ನಿಮ್ಮ ಅಜ್ಜ ತುಲಾ ಸಂಕ್ರಮಣದ ಮಗುವಿಗೆ ಈ ಹೆಸರು ಹುಡುಕಿದ್ದು ಯಾಕೆಂದು ಕೊಡಗಿನವರಾದ ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಅತ್ತೆಗೆ ನೀವು ಹೇಳಬೇಕು. ಕಾವೇರಿಯ ಪುರಾಣದಲ್ಲಿ ಲೋಪಾಮುದ್ರೆ ಬ್ರಹ್ಮ ಕವೇರ ಮುನಿಗೆ ಕೊಟ್ಟ ಮಗಳು. ಅಗಸ್ತ್ಯ ಮದುವೆಯಾಗಲು ಬಂದಾಗ ಒಂದು ಷರತ್ತು ಹಾಕಿದಳು, ನನ್ನನ್ನು ಒಬ್ಬಳನ್ನೇ ಬಿಟ್ಟು ಹೋಗಬಾರದು. ಒಂದು ದಿನ ಅವನು ಅವಳನ್ನು ಕಮಂಡಲದಲ್ಲಿರಿಸಿ ಸ್ನಾನಕ್ಕೆ ಹೋದ. ಅವಳು ನೀರಾಗಿ ಹರಿದಳು. ತಲಕಾವೇರಿಯ ಬ್ರಹ್ಮಕುಂಡಿಕೆಯಲ್ಲಿ ಅಕ್ಟೋಬರ್ ನಡುವಿನಲ್ಲಿ ತೀರ್ಥ ಉಕ್ಕುವುದನ್ನು ಕಾಣಲು ಜನ ಕಾದು ನಿಲ್ಲುವುದು, ಮನೆಗಳಲ್ಲಿ ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ಬಟ್ಟೆ ಉಡಿಸಿ ಒಡವೆ ತೊಡಿಸಿ ಕಣಿಪೂಜೆ ಮಾಡುವುದು ಇವಳಿಗಾಗಿಯೇ. ಭಾಗಮಂಡಲದಿಂದ ಪೂಂಪುಹಾರದವರೆಗೆ ಗದ್ದೆಗಳಿಗೆ ನೀರುಣಿಸುವ ಹೊಳೆಯ ಹೆಸರಿನಲ್ಲಿ ಕೊರತೆ ಎಲ್ಲಿಂದ ಬರಬೇಕು? ಮನೆ ತುಂಬುವುದಷ್ಟೇ ಏಕೆ, ಕೆರೆ ಕಟ್ಟೆ ಕಣಜ ತುಂಬಿದವಳು ಅವಳು. ನಿಮ್ಮ ಅತ್ತೆಯ ಆಕ್ಷೇಪಕ್ಕೆ ಇದಕ್ಕಿಂತ ನೇರವಾದ ಸಮಾಧಾನ ನನಗೆ ತೋಚುವುದಿಲ್ಲ.

ಇನ್ನೊಂದು ಸಂಗತಿ. ಆ ಮನೆಯಲ್ಲಿ ಲಲಿತಾ ಸಹಸ್ರನಾಮ ಹೇಳುವ ರೂಢಿಯಿದೆಯೇ, ವಿಚಾರಿಸಿ. ಸಾವಿರ ನಾಮಗಳಲ್ಲಿ ಒಂದು 'ಲೋಪಾಮುದ್ರಾರ್ಚಿತಾ', ಲೋಪಾಮುದ್ರೆಯಿಂದ ಪೂಜೆಗೊಂಡವಳು ಎಂದು. ಶ್ರೀವಿದ್ಯೆಯ ಉಪಾಸಕರಲ್ಲಿ ಹಾದಿವಿದ್ಯೆ ಎಂಬ ಮಂತ್ರಪರಂಪರೆ ನಡೆದದ್ದೇ ಅವಳಿಂದ. ಹಯಗ್ರೀವ ಅಗಸ್ತ್ಯನಿಗೆ ಲಲಿತೆಯ ಮಹಿಮೆಯನ್ನು ಉಪದೇಶಿಸಿದ ಕಥೆಯಲ್ಲೂ, ಅವನಿಗೆ ಆ ಅರ್ಹತೆ ಬರಲು ಹೆಂಡತಿಯ ಭಕ್ತಿಯೂ ಒಂದು ಕಾರಣವೆಂದು ದೇವಿಯೇ ಹೇಳುತ್ತಾಳೆ. ಸುಂದರಕಾಂಡದ ಪಾರಾಯಣ ಮಾಡುವವರಾದರೆ, ಅಶೋಕವನದಲ್ಲಿ ಸೀತೆ ತನ್ನ ನಿಷ್ಠೆಗೆ ಸಾಟಿಯಾಗಿ ಅರುಂಧತಿ, ರೋಹಿಣಿ, ಸುಕನ್ಯೆಯರ ಜೊತೆ ಲೋಪಾಮುದ್ರೆಯನ್ನೂ ನೆನೆಯುವುದು ಸಿಕ್ಕುತ್ತದೆ. ಪ್ರತಿ ಶುಕ್ರವಾರ ಎಷ್ಟೋ ಮುತ್ತೈದೆಯರ ಬಾಯಲ್ಲಿ ಬರುವ ಹೆಸರನ್ನು ಅಶುಭವೆನ್ನಲು ನಿಮ್ಮ ಅತ್ತೆಯೇ ಒಪ್ಪಲಾರರು. ಅವರಿಗೆ ಇದು ಹೊಳೆದಿಲ್ಲ, ಅಷ್ಟೇ. ತಿಳಿಸುವಾಗ ವಾದ ಗೆಲ್ಲುವ ದನಿ ಬೇಡ. ಅವರ ಜೊತೆ ಕೂತು ಆ ನಾಮ ಬರುವ ಪುಟವನ್ನು ತೋರಿಸಿ.

ಮತ್ಯಾರಿಗೂ ಈ ಹೆಸರು ಯಾಕಿಲ್ಲ ಎಂದು ಕೇಳಿದ್ದೀರಿ. ಇದೆ, ನಮ್ಮಲ್ಲಿ ಕಡಿಮೆ. ಬಂಗಾಳ, ಒಡಿಶಾಗಳಲ್ಲಿ ಇದು ಕೇಳಿಬರುವ ಹೆಸರೇ, ಮುದ್ದಿಗೆ 'ಲೋಪಾ' ಎನ್ನುತ್ತಾರೆ. ಬಂಗಾಳಿ ಹಾಡು ಕೇಳುವವರಿಗೆ ಗಾಯಕಿ ಲೋಪಾಮುದ್ರಾ ಮಿತ್ರ ಗೊತ್ತು. ಬಂಗಾಳಿಯಲ್ಲೂ ಲೋಪವೆಂದರೆ ಇಲ್ಲವಾಗುವುದೇ, ಆದರೂ ಅವರು ಅಂಜಿಲ್ಲ. ಕನ್ನಡದಲ್ಲಿ ಅರುಂಧತಿ, ಅನಸೂಯಾ, ಅಹಲ್ಯಾ, ಸಾವಿತ್ರಿ ಎಲ್ಲರೂ ನಾಮಕರಣದ ತೊಟ್ಟಿಲಿಗೆ ಬಂದರು, ಈಚೆಗೆ ಮೈತ್ರೇಯಿ ಗಾರ್ಗಿಯರೂ ಬಂದರು. ಲೋಪಾಮುದ್ರೆ ಮಾತ್ರ ಪುರಾಣ ಪ್ರವಚನದಲ್ಲೇ ಉಳಿದಳು. ಒಂದು ಕಾರಣ ನಿಮ್ಮ ಅತ್ತೆ ಹೇಳಿದ್ದೇ, ಆ ಮೊದಲ ಎರಡಕ್ಷರ. ಇನ್ನೊಂದು ನನ್ನ ಊಹೆ: ಕಾವೇರಿ ಎಂಬ ಸುಲಭವಾದ, ಸರ್ವರಿಗೂ ಪ್ರಿಯವಾದ ಹೆಸರು ಅದೇ ಹೆಣ್ಣಿಗೆ ಇದ್ದಾಗ ಜನ ಅದನ್ನೇ ಹಿಡಿದರು. ಕೊಡಗು ಮೈಸೂರು ಮಂಡ್ಯಗಳ ಕಾವೇರಿಯರೆಲ್ಲ ಒಂದು ಲೆಕ್ಕಕ್ಕೆ ನಿಮ್ಮ ಹೆಸರಿನವರೇ. ಈಗಂತೂ ಆದ್ಯಾ, ಅನ್ವಿ, ಆರ್ಯಾ ಎಂದು ಎರಡಕ್ಷರಕ್ಕೆ ಮುಗಿಯುವ ಹೆಸರುಗಳ ಕಾಲ, ಒಂದೇ ತರಗತಿಯಲ್ಲಿ ಇಬ್ಬರು ಮೂವರು ಆದ್ಯಾ ಇರುತ್ತಾರೆ. ಅಂಥಲ್ಲಿ ನಾಲ್ಕಕ್ಷರದ, ಒತ್ತಕ್ಷರದ ಹೆಸರು ಹೊತ್ತ ಹುಡುಗಿ ನಗೆಯನ್ನು ತಾಳಿಕೊಳ್ಳಬೇಕಾಗುತ್ತದೆ. ಆ ನೋವು ಚಿಕ್ಕದಲ್ಲ. ಅಪರೂಪದ ಹೆಸರಿಡುವ ತಂದೆತಾಯಿ ಅದರ ಕಥೆಯನ್ನೂ ಮಗುವಿನ ಕೈಗೆ ಕೊಡಬೇಕು. ಲೋಪಸಂಧಿಯ ದಿನ ನಗುವ ತರಗತಿಗೆ ಹೇಳಲು ನಿಮ್ಮ ಬಳಿ ವಾತಾಪಿಯ ಕಥೆ ಇದ್ದಿದ್ದರೆ ಆ ದಿನ ಬೇರೆಯಾಗುತ್ತಿತ್ತು.

ಇಲ್ಲಿಗೆ ಹೆಸರಿನ ಪ್ರಶ್ನೆ ಮುಗಿಯಿತು. ಉಳಿದದ್ದು ಮದುವೆಯ ಪ್ರಶ್ನೆ, ನಿಮಗೆ ನಿದ್ದೆ ಕೆಡಿಸುತ್ತಿರುವುದು ಅದೇ ಎಂದು ನನಗನ್ನಿಸುತ್ತದೆ. ಚಿಕ್ಕಂದಿನಲ್ಲಿ ಬೇಡವೆಂದು ಅತ್ತದ್ದು, ಈಗ ಬಿಡಲಾರೆ ಎನ್ನುವುದು ಇವೆರಡರಲ್ಲಿ ವಿರೋಧವಿಲ್ಲ. ಆಗ ನೀವು ನಿಮ್ಮ ಹೆಸರನ್ನು ಬದಲಿಸಲು ಬಯಸಿದಿರಿ, ಬಯಸಿದವರು ನೀವು. ಈಗ ಬಯಸುತ್ತಿರುವವರು ಬೇರೆಯವರು, ನಿಮ್ಮನ್ನು ಕೇಳದೆ ಹೊಸ ಹೆಸರನ್ನೂ ಆರಿಸಿಟ್ಟಿದ್ದಾರೆ. ಮನಸ್ಸು ಅಡ್ಡ ನಿಂತಿರುವುದು ಅಲ್ಲಿ. ಇದನ್ನು ಹಟವೆಂದು ನೀವೇ ಕರೆದುಕೊಳ್ಳಬೇಡಿ.

ಅತ್ತೆಯಾಗುವವರ ಬಗ್ಗೆ ನನಗೆ ಗೌರವವೇ ಇದೆ. ಅವರು ತಮ್ಮ ಮಗನ ಮನೆ ತುಂಬಿರಲಿ ಎಂದು ಹೆದರುತ್ತಿದ್ದಾರೆ. ಒಂದು ಮಧ್ಯಾಹ್ನ ಬಿಡುವಾಗಿ ಅವರ ಜೊತೆ ಕೂತು, ಅವರ ತವರಿನ ಹೆಸರೇನೆಂದು ಕೇಳಿ. ಅದನ್ನು ಇಟ್ಟವರು ಯಾರು, ಆ ಹೆಸರಿನಿಂದ ಈಗಲೂ ಕರೆಯುವವರು ಯಾರಾದರೂ ಉಳಿದಿದ್ದಾರೆಯೇ, ಹೊಸ ಹೆಸರಿಗೆ ಓಗೊಡುವುದು ಮೊದಮೊದಲು ಹೇಗಿತ್ತು ಎಂದು ಕೇಳಿ. ಹೀಗೆ ಹೆಸರು ಬದಲಾದ ಹಲವು ಹಿರಿಯ ಹೆಂಗಸರು ನನ್ನೊಡನೆ ಮಾತಾಡಿದ್ದಾರೆ. ತವರಿನ ಹೆಸರು ಬಾಯಿಗೆ ಬಂದಾಗ ಅವರ ಮುಖದ ಮೇಲೆ ಬರುವ ಬೆಳಕನ್ನು ನಾನು ಬಲ್ಲೆ. ಕೆಲವರಿಗೆ ಹೊಸ ಹೆಸರು ನಿಜಕ್ಕೂ ಇಷ್ಟವಾಗಿದ್ದುದೂ ಉಂಟು, ನಿಮ್ಮ ಅತ್ತೆ ಅಂಥವರಾದರೆ ಅದನ್ನೂ ಮನಸ್ಸಿಟ್ಟು ಕೇಳಿ. ಅವರ ಉತ್ತರವನ್ನು ನಿಮ್ಮ ವಾದಕ್ಕೆ ಬಳಸಿಕೊಳ್ಳಲು ಹೋಗಬೇಡಿ. ಕೇಳಿದ್ದರಿಂದಲೇ ನಿಮ್ಮಿಬ್ಬರ ನಡುವೆ ಒಂದು ದಾರಿ ಆಗುತ್ತದೆ.

ಆದರೆ ನಿಮ್ಮ ಪರವಾಗಿ ಅಮ್ಮನೊಡನೆ ಮಾತಾಡಬೇಕಾದವರು ಹುಡುಗ. ಅಮ್ಮನ ಸಮಾಧಾನಕ್ಕೆ ಒಂದು ಶಾಸ್ತ್ರ ಎಂದು ಅವರು ಹೇಳಿದ್ದು ಕೆಟ್ಟ ಮನಸ್ಸಿನಿಂದಲ್ಲ, ಆದರೂ ಅದು ತಪ್ಪಿಸಿಕೊಳ್ಳುವ ಮಾತು. ಅವರಿಗೆ ಮೆಸೇಜಿನಲ್ಲಿ ಬರೆಯಬೇಡಿ, ಎದುರು ಕೂತು ಹೇಳಿ. ನಿಮ್ಮ ಮಾತು ಹೀಗಿರಬಹುದು: 'ನಿಮ್ಮ ಮನೆಯ ಶಾಸ್ತ್ರ ಬೇಡ ಅನ್ನುತ್ತಿಲ್ಲ. ಅಕ್ಕಿಯ ಮೇಲೆ ಬರೆಯಿರಿ, ನನ್ನ ಹೆಸರನ್ನೇ ಬರೆಯಿರಿ. ನಿಮ್ಮ ಅಮ್ಮ ಪ್ರೀತಿಯಿಂದ ಮನೆಯಲ್ಲಿ ವೈಷ್ಣವಿ ಎಂದು ಕರೆದರೆ ಓಗೊಡುತ್ತೇನೆ. ಆದರೆ ನನ್ನ ಹೆಸರು ಅಶುಭ, ಅದನ್ನು ತೆಗೆದುಹಾಕಬೇಕು ಎಂಬ ಕಾರಣಕ್ಕೆ ಬದಲಿಸುವುದನ್ನು ನಾನು ಒಪ್ಪುವುದಿಲ್ಲ.' ಮನೆಯವರು ಮುದ್ದಿಗೆ ಇನ್ನೊಂದು ಹೆಸರಿನಿಂದ ಕರೆಯುವುದು ಬೇರೆ, ಇದ್ದ ಹೆಸರನ್ನು ಅಳಿಸುವುದು ಬೇರೆ. ಮೊದಲನೆಯದಕ್ಕೆ ಮನಸ್ಸು ದೊಡ್ಡದು ಮಾಡಿ, ಎರಡನೆಯದಕ್ಕೆ ಬೇಡ. ಈ ಗೆರೆ ಎಲ್ಲಿ ಎಂದು ಹೇಳಬೇಕಾದವರು ನೀವು. ಪೂರ್ತಿ ಯೋಚಿಸಿದ ಮೇಲೆ ವೈಷ್ಣವಿ ನಿಮಗೇ ಇಷ್ಟವಾದರೆ, ಸಂತೋಷದಿಂದ ತೆಗೆದುಕೊಳ್ಳಿ. ನಾನು ಅದನ್ನೂ ಸೋಲು ಎನ್ನುವುದಿಲ್ಲ.

ಹುಡುಗನೇ ಕೇಳಲು ಸಿದ್ಧರಿಲ್ಲದಿದ್ದರೆ? ನಾಳೆ ನಿಮ್ಮ ಕೆಲಸ, ಮಗುವಿನ ಶಾಲೆ, ನಿಮ್ಮ ತಂದೆತಾಯಿಯ ಆರೈಕೆ ಎಲ್ಲದರಲ್ಲೂ 'ಅಮ್ಮನ ಸಮಾಧಾನಕ್ಕೆ' ಎಂಬ ಇದೇ ಮಾತು ಬರುತ್ತದೆ. ಹಾಗಾದರೆ ಮದುವೆಯ ದಿನವನ್ನು ಮುಂದೂಡಿ ಇಬ್ಬರೂ ಒಬ್ಬ ಆಪ್ತಸಮಾಲೋಚಕರನ್ನು ಕಾಣಿ. ಛತ್ರದ ಮುಂಗಡ ಹೋದರೂ ಚಿಂತೆಯಿಲ್ಲ.

ಕಾನೂನಿನ ಬಗ್ಗೆಯೂ ತಿಳಿದಿರಲಿ. ಮದುವೆಯಾದ ಹೆಣ್ಣು ಹೆಸರು ಬದಲಿಸಬೇಕೆಂದು ನಮ್ಮ ಯಾವ ಕಾನೂನೂ ಹೇಳುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮು ಸಪ್ತಪದಿಯ ಮಾತೆತ್ತುತ್ತದೆ, ಏಳನೆಯ ಹೆಜ್ಜೆಗೆ ಮದುವೆ ಪೂರ್ಣವಾಗುತ್ತದೆ ಎನ್ನುತ್ತದೆ. ಹೊಸ ಹೆಸರಿನ ಸುದ್ದಿ ಅಲ್ಲಿಲ್ಲ. ಪಾಸ್‌ಪೋರ್ಟಿಗೂ ಹೆಸರು ಬದಲಾವಣೆ ಕಡ್ಡಾಯವಲ್ಲ. ಅಕ್ಕಿಯ ಮೇಲೆ ಬರೆದ ಹೆಸರಿಗೆ ಕಾಗದಪತ್ರದಲ್ಲಿ ಯಾವ ಬೆಲೆಯೂ ಇಲ್ಲ. ಅದನ್ನು ಅಧಿಕೃತ ಮಾಡಬೇಕಾದರೆ ಪ್ರಮಾಣಪತ್ರ, ಪತ್ರಿಕೆಗಳಲ್ಲಿ ಪ್ರಕಟಣೆ, ರಾಜ್ಯಪತ್ರದ ಅಧಿಸೂಚನೆ, ಆಮೇಲೆ ಆಧಾರ್, ಪ್ಯಾನ್, ಬ್ಯಾಂಕ್ ಖಾತೆ, ಪಿಎಫ್ ಎಲ್ಲವನ್ನೂ ತಿದ್ದಿಸಬೇಕು. ನಿಮ್ಮ ಎ‌ಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮಾತ್ರ ಹಳೆಯ ಹೆಸರೇ ಉಳಿದು, ಇಬ್ಬರೂ ಒಬ್ಬರೇ ಎಂದು ಹೋದಲ್ಲೆಲ್ಲ ಸಾಬೀತುಪಡಿಸುವ ಕೆಲಸ ಬೀಳುತ್ತದೆ. ಬ್ಯಾಂಕಿನಲ್ಲಿರುವ ನೀವು ಈ ತೊಂದರೆಯನ್ನು ಗ್ರಾಹಕರಲ್ಲಿ ಕಂಡಿರುತ್ತೀರಿ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮದುವೆ ನೋಂದಾಯಿಸುವಾಗ ಲಗ್ನಪತ್ರಿಕೆಯನ್ನೂ ಕೇಳುವುದುಂಟು. ಪತ್ರಿಕೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದಾದರೆ ಅಲ್ಲಿಂದಲೇ ತಕರಾರು ಶುರು.

ಆದ್ದರಿಂದ ಈ ಮಾತುಕತೆಗಳೆಲ್ಲ ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ನಡೆಯಲಿ. ಅದರಲ್ಲಿ 'ಚಿ. ಸೌ. ಲೋಪಾಮುದ್ರಾ' ಎಂದಿರಲಿ. ಕರಡು ಬಂದಾಗ ನೀವೇ ನೋಡಿ, ಪಾ ಮತ್ತು ದ್ರಾ ಎರಡಕ್ಕೂ ದೀರ್ಘ ಬೇಕು, ಅಚ್ಚಿನವರು ಸಾಮಾನ್ಯವಾಗಿ ಒಂದನ್ನು ಬಿಟ್ಟುಬಿಡುತ್ತಾರೆ.